ಮರದ ಬಿರಡೆ ತೇಲ್ಬೇಕಲ್ವಾ? ತುಂಬಿದ ಕೆರೆ ತೂಬು ಯಾಕೆ ಏಳ್ತಿಲ್ಲ?

ಏರಿಕೆಳಗಿನವನು (ಕೋಲಾರ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನಂದಲ್ಲ, ಒಂಬತ್ತನೇ ಕ್ಲಾಸು ಓದ್ತಿರೋ ನನ್ನ ಮಗಳದು. ಆದರೆ ಸೊಂಟ ಹಿಡ್ಕೊಂಡಿರೋದು ನಂದು, ಅದಕ್ಕೆ ನಾನೇ ಕೇಳ್ತಾ ಇದೀನಿ.

ನಮ್ಮೂರು ಕೋಲಾರದಿಂದ ಶ್ರೀನಿವಾಸಪುರದ ರಸ್ತೇಲಿ ಹೋಗಿ ಒಳಕ್ಕೆ ತಿರುಗಿದ್ರೆ ಸಿಗುತ್ತೆ. ನನಗೆ ಬುದ್ಧಿ ಬಂದಾಗಿನಿಂದ ಊರ ಕೆರೆ ಅಂದ್ರೆ ಜಾಲಿ ಕಾಡು. ನಾವು ಕ್ರಿಕೆಟ್ ಆಡಿದ್ದು ಕೆರೆ ಅಂಗಳದಲ್ಲೇ. 2021ರ ನವೆಂಬರ್ ಮಳೆಗೆ ಕೋಡಿ ಬಿತ್ತು, ಮುದುಕರೆಲ್ಲ ಏರಿ ಮೇಲೆ ಬಂದು ಕೂತು ಸುಮ್ಮನೆ ನೋಡಿದ್ರು. ಮರುವರ್ಷ ಮತ್ತೆ ತುಂಬ್ತು. (ಇದು ಮಳೆ ನೀರು, ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕಡೆ ಕೆರೆಗಳಿಗೆ ಬಿಡೋ ಕೆ.ಸಿ. ವ್ಯಾಲಿ ಯೋಜನೇದಲ್ಲ. ಆ ಕೆರೆಗಳ ನೀರು ಅಂತರ್ಜಲಕ್ಕೆ ಮಾತ್ರ, ತೂಬು ಎತ್ತೋ ಹಾಗಿಲ್ಲ ಅಂತ ಗೊತ್ತು. ದಯವಿಟ್ಟು ಇಲ್ಲಿ ಆ ಜಗಳ ತೆಗೀಬೇಡಿ.) ಊರವರೆಲ್ಲ ದೇವಸ್ಥಾನದ ಮುಂದೆ ಕೂತು, ಏರಿ ಕೆಳಗಿನ ಒಂದಷ್ಟು ಗದ್ದೆಗೆ ನೀರು ಬಿಡೋಣ ಅಂತ ತೀರ್ಮಾನ ಮಾಡಿದ್ರು. ತೂಬು ಎತ್ತೋ ಕೆಲಸ ನನ್ನ ತಲೆಗೆ ಬಂತು, ಯಾಕಂದ್ರೆ ನಮ್ಮ ತಾತ ನೀರಗಂಟಿ, ಅಂದ್ರೆ ಕೆರೆ ನೀರು ಬಿಡೋರು ಆಗಿದ್ರು. ತಾತ ತೀರ್ಕೊಂಡು ಇಪ್ಪತ್ತೆಂಟು ವರ್ಷ ಆಯ್ತು. ನಾನು ಟೊಮ್ಯಾಟೊ ಬೆಳೆಯೋನು, ನನಗೆ ಗೊತ್ತಿರೋ ನೀರು ಅಂದ್ರೆ ಡ್ರಿಪ್ ಪೈಪಲ್ಲಿ ತೊಟ್ಟಿಕ್ಕೋದು.

ತೂಬು ನೋಡಿಲ್ಲದವರಿಗೆ ಹೇಳ್ತೀನಿ. ಏರಿಯಿಂದ ಒಂದಾಳುದ್ದ ಒಳಗೆ, ನೀರಲ್ಲಿ, ಎರಡು ಕಲ್ಲು ಕಂಬ. ಕಂಬಗಳ ನಡುವೆ ಅಡ್ಡಕ್ಕೆ ಕಲ್ಲು ತೊಲೆ, ತೊಲೆಯಲ್ಲಿ ತೂತು. ತಳದಲ್ಲಿ ಒಂದು ಚಪ್ಪಡಿ ಮಲಗಿಸಿದೆ, ಅದರಲ್ಲೂ ಒಂದು ದುಂಡನೆ ತೂತು. ಆ ತೂತಿನ ಕೆಳಗಿಂದ ಏರಿ ಹೊಟ್ಟೆಯೊಳಗೆ ಕಲ್ಲಿನ ಕಾಲುವೆ ಆಚೆ ಗದ್ದೆ ಕಡೆಗೆ ಹೋಗುತ್ತೆ. ತೂತಿಗೆ ಮರದ ಬಿರಡೆ, ಬಿರಡೆಗೆ ಉದ್ದನೆ ಕಬ್ಬಿಣದ ಸರಳು, ಸರಳು ತೊಲೆಯ ತೂತಲ್ಲಿ ಹಾದು ಮೇಲಕ್ಕೆ ಬಂದಿರುತ್ತೆ. ಸರಳು ಎತ್ತಿದ್ರೆ ಬಿರಡೆ ಏಳ್ಬೇಕು. ಅಷ್ಟೇ ಯಂತ್ರ.

ಕೆರೆ ಒಣಗಿದ್ದಾಗ ಈ ಬಿರಡೆ ನಾನೇ ಮಾಡಿಸಿದ್ದು, ಜಾಲಿ ಮರದಲ್ಲಿ. ಹಳೇದು ಗೆದ್ದಲು ಹತ್ತಿ ಹೋಗಿತ್ತು. ಮೇಲೆ ಹನ್ನೆರಡು ಇಂಚು ಅಗಲ, ಬರ್ತಾ ಬರ್ತಾ ಸಣ್ಣ ಆಗಿ ಕೆಳಗೆ ಏಳು ಇಂಚು, ಎತ್ತರ ಒಂದೂಕಾಲು ಅಡಿ. ಚಪ್ಪಡಿ ತೂತು ಒಂಬತ್ತು ಇಂಚು. ಸರಳು ಹದಿನೈದು ಅಡಿ, ಒಂದಿಂಚಿನದು. ಆಗ ಸರಳು ಸಮೇತ ನಾನೊಬ್ಬನೇ ಎತ್ತಿ ಇಟ್ಟಿದ್ದೆ.

ಮೊನ್ನೆ ಭಾನುವಾರ ನಾಲ್ಕು ಜನ ಹಿಡಿದು ಎಳೆದ್ವಿ. ಹಿಡಿಯೋಕೆ ಸರಳಿನ ತುದೀಲಿರೋದು ಒಂದು ಬಳೆ, ನಿಲ್ಲೋಕೆ ಪಾಚಿ ಕಟ್ಟಿದ ತೊಲೆ. ಒಂದು ಕೂದಲೆಳೆ ಅಲುಗಲಿಲ್ಲ. ತೂಬಿನ ಹತ್ರ ನೀರಿನ ಆಳ ಹಗ್ಗಕ್ಕೆ ಕಲ್ಲು ಕಟ್ಟಿ ನೋಡಿದ್ವಿ, ಹನ್ನೆರಡು ಅಡಿ. ಇಬ್ಬರು ಹುಡುಗರು ನಾವು ಮುಳುಗಿ ಗಡಾರಿ ಹಾಕಿ ಮೀಟ್ತೀವಿ ಅಂತ ಅಂಗಿ ಬಿಚ್ಚಿದ್ರು, ಬೇಡ ಕಣ್ರೋ ಅಂದೆ.

ಏರಿ ಮೇಲೆ ನಿಂತು ನೋಡ್ತಿದ್ದ ನನ್ನ ಮಗಳು ಮನೆಗೆ ಬಂದ ಮೇಲೆ ವಿಜ್ಞಾನದ ಪುಸ್ತಕ ತಂದು ಮುಂದೆ ಇಟ್ಳು. "ಅಪ್ಪ, ನೀರಲ್ಲಿ ಮುಳುಗಿದ ವಸ್ತುವಿಗೆ ಮೇಲ್ಮುಖ ಬಲ ಇರುತ್ತೆ ಅಂತ ಆರ್ಕಿಮಿಡೀಸ್ ಹೇಳಿದಾನೆ. ಮರ ನೀರಿಗಿಂತ ಹಗುರ. ಬಿರಡೆ ತಾನಾಗೇ ತೇಲಿ ಬರ್ಬೇಕು. ನೀವು ನಾಲ್ಕು ಜನ ಎಳೆದ್ರೂ ಬರ್ಲಿಲ್ಲ ಅಂದ್ರೆ ಪುಸ್ತಕ ತಪ್ಪಾ, ನೀವು ತಪ್ಪಾ?"

ಅಷ್ಟು ದೊಡ್ಡ ಕೆರೆ ನೀರಿನ ಭಾರವೆಲ್ಲ ಅದರ ಮೇಲೇ ಕೂತಿದೆ ಕಣಮ್ಮ ಅಂದೆ. "ಹಾಗಾದ್ರೆ ಕೆರೇಲಿರೋ ಮೀನು ಯಾಕೆ ಅಪ್ಪಚ್ಚಿ ಆಗಲ್ಲ?" ಅಂದ್ಳು. ನನ್ನ ಹತ್ರ ಉತ್ತರ ಇಲ್ಲ. ಗೊತ್ತಿರೋರು ಹೇಳಿ. ಅದರ ಜೊತೆಗೆ ತೂಬು ಎತ್ತೋದು ಹೇಗೆ ಅಂತಾನೂ ಹೇಳಿ.

ಬೋರ್ ಮೋಟರ್ (ಚಿಂತಾಮಣಿ)

ಅಣ್ಣ, ನಾನು ಇಪ್ಪತ್ತು ವರ್ಷದಿಂದ ಬೋರಿಗೆ ಮೋಟರ್ ಇಳಿಸೋದು ಎತ್ತೋದು ಇದೇ ಕೆಲ್ಸ. ನಮ್ಗೂ ಇದು ದಿನಾ ಆಗ್ತಾ ಇರ್ತದೆ. ಬೋರ್ ತಳದಾಗೆ ಕೆಸರು ಕೂತು ಮೋಟರ್ ಹೂತ್ಕೊಂಡಿದ್ರೆ ಎಂಥಾ ಕಪ್ಪಿ ಹಾಕಿದ್ರೂ ಜಗ್ಗಲ್ಲ. ಕೆಸರು ಗಾಳಿ ಎಳ್ಕೊಂಡು ಹಿಡಿದಿರ್ತದೆ. ಜೋರಾಗಿ ಜಗ್ಗಿದ್ರೆ ಪೈಪೇ ಕಿತ್ಕೊಂಡು ಬತ್ತದೆ, ಮೋಟರ್ ಒಳಗೇ ಉಳೀತದೆ. ನಾವು ಏನ್ ಮಾಡ್ತೀವಿ ಅಂದ್ರೆ ಚೈನ್ ಬ್ಲಾಕ್ ಬಿಗಿ ಮಾಡಿ ಹಾಗೇ ಬಿಟ್ಟು ಟೀ ಕುಡ್ಯೋಕೆ ಹೋಗ್ತೀವಿ. ವಾಪಸ್ ಬರೋ ಹೊತ್ತಿಗೆ ಚೈನ್ ಸಡಿಲ ಆಗಿರ್ತದೆ, ಮೋಟರ್ ತಾನಾಗೇ ಎರಡಿಂಚು ಎದ್ದಿರ್ತದೆ. ನೀವೂ ತೂಬಿಗೆ ಹಂಗೇ ಮಾಡಿ ನೋಡಿ.

ಇನ್ನೊಂದು. ನಿಮ್ಮ ಮಗಳು ಮೀನಿಂದು ಕೇಳಿದ್ಳಲ್ಲ. 1,200 ಅಡಿ ಬೋರು, ನೀರು 900 ಅಡಿಗೆ ಐತೆ ಅಂತ ಇಟ್ಕೊಳ್ಳಿ. ಮೋಟರ್ ಮೇಲೆ 300 ಅಡಿ ನೀರು. ಆದ್ರೂ ಮೋಟರ್ ಜಜ್ಜಿ ಹೋಗಲ್ಲ. ಯಾಕಂದ್ರೆ ಇಳಿಸೋ ಮುಂಚೆ ಮೋಟರ್ ಒಳಗೇ ಒಳ್ಳೆ ಕುಡಿಯೋ ನೀರು ತುಂಬಿರ್ತೀವಿ. ತುಂಬೋದು ಮರೆತ್ರೆ ಮೋಟರ್ ಹೋದಂಗೆ. ಇದರ ಹಿಂದಿನ ಲೆಕ್ಕ ನಂಗೊತ್ತಿಲ್ಲ, ಮಾಡೋದು ಗೊತ್ತು.

ಪಿಯು ಮೇಷ್ಟ್ರು (ತುಮಕೂರು)

ಏರಿಕೆಳಗಿನವರೇ, ನಿಮ್ಮ ಮಗಳಿಗೆ ಮೊದಲು ನನ್ನದೊಂದು ಶಹಬ್ಬಾಸ್ ಹೇಳಿ. ಮೂವತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ "ಪಲ್ಲಟಗೊಂಡ ದ್ರವದ ತೂಕಕ್ಕೆ ಸಮ" ಎಂದು ಬರೆದು ಎರಡು ಅಂಕ ತೆಗೆದುಕೊಂಡು ಹೋದರು.

ಪುಸ್ತಕವೂ ತಪ್ಪಲ್ಲ, ನೀವೂ ತಪ್ಪಲ್ಲ. ಮೇಲ್ಮುಖ ಬಲ ಎನ್ನುವುದು ಎಲ್ಲಿಂದ ಬರುತ್ತದೆ ಎನ್ನುವ ಮಾತನ್ನು ನಾವು ಮಕ್ಕಳಿಗೆ ಸರಿಯಾಗಿ ಹೇಳುವುದಿಲ್ಲ, ತಪ್ಪು ಅಲ್ಲಿದೆ.

ಒಂದು ಘನ ಅಡಿ ನೀರು ಸುಮಾರು 28 ಕೆ.ಜಿ. ತೂಗುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಬಾಯಿಲೆಕ್ಕ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಸೈಜುಗಲ್ಲನ್ನು ಹಗ್ಗ ಕಟ್ಟಿ ನಿಮ್ಮ ಕೆರೆಯಲ್ಲಿ ಇಳಿಬಿಟ್ಟಿದ್ದೀರಿ ಎನ್ನೋಣ. ಕಲ್ಲಿನ ತಲೆ ನೀರಿನ ಮಟ್ಟದಿಂದ 5 ಅಡಿ ಕೆಳಗಿದೆ, ತಳ 6 ಅಡಿ ಕೆಳಗಿದೆ. ತಲೆಯ ಮೇಲೆ ನೀರು ಕೆಳಕ್ಕೆ ನೂಕುವುದು 5 ಸಲ 28, ಅಂದರೆ 140 ಕೆ.ಜಿ. ತಳದಿಂದ ನೀರು ಮೇಲಕ್ಕೆ ನೂಕುವುದು 6 ಸಲ 28, ಅಂದರೆ 168. ಪಕ್ಕಗಳ ನೂಕು ಎಡಬಲ ಒಂದನ್ನೊಂದು ಹೊಡೆದುಹಾಕುತ್ತದೆ. ಮೇಲಕ್ಕೆ ಉಳಿದದ್ದು 28 ಕೆ.ಜಿ., ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕವೂ ಅಷ್ಟೇ. ಆರ್ಕಿಮಿಡೀಸ್ ತತ್ವದಲ್ಲಿರುವುದು ಇಷ್ಟೇ: ತಳದ ನೂಕು ತಲೆಯ ನೂಕಿಗಿಂತ ಸ್ವಲ್ಪ ಹೆಚ್ಚು. ಬೇರೆ ಯಾವ ಮಾಯೆಯೂ ಅಲ್ಲಿಲ್ಲ.

ದಡದ ಮೇಲೆ ಆ ಕಲ್ಲು ಸುಮಾರು 75 ಕೆ.ಜಿ. ನೀರಲ್ಲಿ ತೂಗಿಬಿಟ್ಟಾಗ ನಿಮ್ಮ ಕೈಗೆ 47. ಈಗ ಅದೇ ಕಲ್ಲನ್ನು, ತಳಕ್ಕೆ ಒಂದು ಹನಿ ನೀರೂ ಹೋಗದ ಹಾಗೆ, ಕೆಳಗೆ ಬರೀ ಗಾಳಿ ಇರುವ ಒಂದು ತೂತಿನ ಮೇಲೆ ಕೂರಿಸಿ. ತಳದ 168 ಕೆ.ಜಿ. ನೂಕು ಹೋಯಿತು. ಉಳಿದದ್ದು ಕಲ್ಲಿನ ಸ್ವಂತ ತೂಕ 75, ತಲೆಯ ಮೇಲಿನ 140. ಒಟ್ಟು 215. ಅದೇ ಕಲ್ಲು, ಅದೇ ನೀರು, ಅದೇ ಆಳ.

ನಿಮ್ಮ ಬಿರಡೆಯದೂ ಇದೇ ಕಥೆ. ಅದರ ಕೆಳಗೆ ಖಾಲಿ ಕಾಲುವೆ, ಆ ಕಾಲುವೆಯ ಇನ್ನೊಂದು ಬಾಯಿ ಗದ್ದೆಯ ಗಾಳಿಗೆ ತೆರೆದಿದೆ. ಒಂಬತ್ತು ಇಂಚಿನ ತೂತಿನ ವಿಸ್ತೀರ್ಣ 0.44 ಚದರ ಅಡಿ. ಹನ್ನೆರಡು ಅಡಿ ಆಳದಲ್ಲಿ ಒಂದು ಚದರ ಅಡಿಗೆ 340 ಕೆ.ಜಿ. ಹಾಗಾಗಿ ಆ ತೂತಿನಗಲಕ್ಕೆ ಬರಬೇಕಿದ್ದ 150 ಕೆ.ಜಿ.ಯಷ್ಟು ಕೆಳಗಿನ ನೂಕು ನಿಮ್ಮ ಬಿರಡೆಗೆ ಸಿಗುತ್ತಿಲ್ಲ. ಮರ ಎಷ್ಟೇ ಹಗುರವಾಗಿರಲಿ, ತೇಲಿಸಲು ಅದರ ಕೆಳಗೆ ನೀರೇ ಇಲ್ಲವಲ್ಲ!

ಈ ಪ್ರಶ್ನೆಗೆ ವಯಸ್ಸೂ ಆಗಿದೆ. ಬ್ರೂಜ್ ಊರಿನ ಸೈಮನ್ ಸ್ಟೆವಿನ್ ಎಂಬ ಎಂಜಿನಿಯರ್ 1586ರಲ್ಲೇ ಇದನ್ನು ಬರೆದಿಟ್ಟಿದ್ದಾನೆ: ಪಾತ್ರೆಯ ತಳದಲ್ಲಿ ತೂತು, ತೂತಿನ ಮೇಲೆ ಮರದ ಬಿಲ್ಲೆ, ಮೇಲೆ ನೀರು. ಬಿಲ್ಲೆ ಮರದ್ದಾದರೂ ಮೇಲೇಳದೆ ತೂತನ್ನು ಒತ್ತಿ ಹಿಡಿಯುತ್ತದೆ. ನಿಮ್ಮ ತೂಬು ಕಟ್ಟಿದವರು ಅದನ್ನು ಓದಿದವರಲ್ಲ, ಆದರೆ ಬಿರಡೆಯನ್ನು ನೀರೇ ಒತ್ತಿ ಹಿಡಿಯುತ್ತದೆ, ಮೇಲೆ ಗುಂಡುಕಲ್ಲು ಹೇರುವ ಅಗತ್ಯವಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಕೆರೆ ನೀರಿನ ಭಾರವೆಲ್ಲ" ಎಂದಿರಲ್ಲ, ಅದು ಸರಿಯಲ್ಲ. ಕೆರೆ ಇನ್ನೂರು ಎಕರೆ ಇರಲಿ, ನಿಮ್ಮ ಮನೆ ಬಾವಿಯಷ್ಟಿರಲಿ, ಹನ್ನೆರಡು ಅಡಿ ಆಳ ಅಂದರೆ ಹನ್ನೆರಡು ಅಡಿಯ ಒತ್ತಡ. ಅಗಲ ಲೆಕ್ಕಕ್ಕೇ ಇಲ್ಲ. ಮೀನಿನ ಒಳಗೂ ಬಹುಪಾಲು ನೀರೇ, ಒಳಗಿನ ಒತ್ತಡವೂ ಹೊರಗಿನಷ್ಟೇ, ಆದ್ದರಿಂದ ಅದು ಅಪ್ಪಚ್ಚಿಯಾಗುವುದಿಲ್ಲ. ಚಿಂತಾಮಣಿಯವರ ಮೋಟರಿಗೆ ನೀರು ತುಂಬುವುದೂ ಇದಕ್ಕೇ ಕೂಡಿಬರುತ್ತದೆ. 300 ಅಡಿ ನೀರಿನ ಕೆಳಗೆ ಒಂದು ಚದರ ಸೆಂಟಿಮೀಟರಿಗೆ 9 ಕೆ.ಜಿ. ಒತ್ತಡ, ಒಳಗೂ ಅಷ್ಟೇ ಇದ್ದರೆ ಜಜ್ಜುವವರು ಯಾರು?

ಚಿಂತಾಮಣಿಯವರೇ, ನಿಮ್ಮ ಟೀ ವಿದ್ಯೆ ಬಹಳ ಇಷ್ಟವಾಯಿತು. ಆದರೆ ಕೆಸರು ಗಾಳಿ ಎಳೆಯುವುದಿಲ್ಲ. ಮೋಟರಿನ ತಳಕ್ಕೆ ಕೆಸರಿನ ಮೂಲಕ ನೀರು ನುಗ್ಗಬೇಕು, ಕೆಸರಲ್ಲಿ ನೀರಿನ ನಡಿಗೆ ನಿಧಾನ. ಒಮ್ಮೆಲೇ ಜಗ್ಗಿದರೆ ತಳದಲ್ಲಿ ಜಾಗ ಬಿಡುತ್ತದೆ, ನೀರು ಬಂದಿರುವುದಿಲ್ಲ, ಮೇಲಿನ ನೀರು ಒತ್ತಿ ಹಿಡಿಯುತ್ತದೆ. ನೀವು ಟೀ ಕುಡಿಯುವಷ್ಟು ಹೊತ್ತಿಗೆ ನೀರು ಮೆಲ್ಲಗೆ ತಳ ಸೇರುತ್ತದೆ. ತೂಬಿಗೆ ಮಾತ್ರ ಈ ವಿದ್ಯೆ ನಡೆಯದು, ಅಲ್ಲಿ ಸೋರಿದ ನೀರು ನಿಲ್ಲದೆ ಗದ್ದೆಗೆ ಹರಿದುಹೋಗುತ್ತದೆ.

ಮಗಳಿಗೆ ಒಂದು ಕೆಲಸ ಕೊಡಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗು ಹಿಡಿಯಲಿ. ಕುತ್ತಿಗೆಯೊಳಗೆ ಒಂದು ಟೇಬಲ್ ಟೆನಿಸ್ ಚೆಂಡು ಹಾಕಿ ಮೇಲಿಂದ ನೀರು ಸುರಿಯಲಿ. ಆಮೇಲೆ ಕೆಳಗಿನ ಬಾಯಿಗೆ ಅಂಗೈ ಅಡ್ಡ ಇಡಲಿ. ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ.

ರಾಬರ್ಟ್‌ಸನ್‌ಪೇಟೆ

ಮೇಷ್ಟ್ರು ಹೇಳಿದ "ಅಗಲ ಲೆಕ್ಕಕ್ಕಿಲ್ಲ" ಅನ್ನೋ ಮಾತಿಗೆ ನಮ್ಮೂರಿನ ಸಾಕ್ಷಿ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಪಂಪು ನಿಂತು ಒಳಗೆಲ್ಲ ನೀರು ತುಂಬ್ಕೊಂಡಿದೆ. ಅದರಲ್ಲಿ ಚಾಂಪಿಯನ್ ರೀಫ್ ಅನ್ನೋ ಗಣಿ ಆಳ ಮೂರು ಕಿಲೋಮೀಟರಿಗೂ ಮೇಲೆ. ಗಣಿಗೆ ಇಳಿಯೋ ಬಾವಿ (ಶಾಫ್ಟ್) ಅಗಲ ಒಂದು ರೂಮಿನಷ್ಟು ಅಂದ್ಕೊಂಡ್ರೂ, 3 ಕಿಲೋಮೀಟರ್ ನೀರು ನಿಂತ ಕಡೆ ತಳದಲ್ಲಿ ಒಂದು ಚದರ ಸೆಂಟಿಮೀಟರಿಗೆ 300 ಕೆ.ಜಿ. ನಮ್ಮಪ್ಪ ಅಲ್ಲಿ ಕೆಲಸ ಮಾಡಿದವರು. ಕೆಳಗಿನ ನೀರನ್ನ ಒಂದೇ ಪಂಪಲ್ಲಿ ಮೇಲಕ್ಕೆ ತರೋಕೆ ಆಗಲ್ಲ, ಹಂತ ಹಂತವಾಗಿ ಎತ್ತಬೇಕು ಅಂತಿದ್ರು.

ಏರಿಕೆಳಗಿನವನು (ಕೋಲಾರ)

ಮೇಷ್ಟ್ರೇ, ಮೂರು ಸಲ ಓದಿದೆ. ಮಗಳು ಒಂದೇ ಸಲ ಓದಿ ಎದ್ದು ಹೋದ್ಳು, ಬಾಟಲಿ ಹುಡುಕೋಕೆ.

ಚೆಂಡು ಪಕ್ಕದ ಮನೆ ಹುಡುಗನ ಹತ್ರ ಸಿಕ್ತು. ಬಚ್ಚಲ ಮುಂದೆ ಕೂತು ಮಾಡಿದ್ವಿ. ಬಾಟಲಿ ನಾನು ಹಿಡಿದೆ, ಚೊಂಬಲ್ಲಿ ನೀರು ಅವಳು ಹಾಕಿದ್ಳು. ಚೆಂಡಿನ ಪಕ್ಕದಿಂದ ತೊಟ ತೊಟ ಸೋರ್ತಾ ಇತ್ತು, ಆದ್ರೂ ನೀರು ಗೇಣುದ್ದ ನಿಂತ್ಕೊಳ್ತು. ಬೆಳ್ಳಗೆ ಕೂತಿತ್ತು ಚೆಂಡು ತಳದಲ್ಲಿ, ಅಂಟು ಹಾಕಿ ಅಂಟಿಸಿದ ಹಾಗೆ. ಅಷ್ಟು ಹಗುರ ಚೆಂಡು, ಊದಿದ್ರೆ ಹಾರುತ್ತೆ, ಅದು ನೀರಿನಡಿ ಕೂತಿದೆ! ಬಾಟಲಿ ಅಲ್ಲಾಡಿಸಿದ್ರೂ ಏಳಲಿಲ್ಲ. ಆಮೇಲೆ ಅವಳು ಕೆಳಗೆ ಅಂಗೈ ಒತ್ತಿದ್ಳು. ಒಂದು, ಎರಡು ಅನ್ನೋಷ್ಟರಲ್ಲಿ ಸೋರಿದ ನೀರು ಅಂಗೈ ಮೇಲೆ ತುಂಬ್ಕೊಳ್ತು, ಚೆಂಡು ಟಣ್ ಅಂತ ಮೇಲಕ್ಕೆ ಹಾರಿ ನನ್ನ ಗದ್ದಕ್ಕೆ ನೀರು ಎರಚ್ತು. ನಮ್ಮಮ್ಮ ಅಡುಗೆಮನೆಯಿಂದ ಬಂದು "ನೀರೇನು ಪುಕ್ಸಟ್ಟೆ ಬಂದಿದೆಯಾ" ಅಂತ ಬೈಯೋವರೆಗೂ ಒಂದು ಹದಿನೈದು ಸಲ ಮಾಡಿದ್ವಿ.

ಇದನ್ನ ಊರಲ್ಲಿ ಒಬ್ಬ ತಾತನಿಗೆ ಹೇಳಿದೆ. ನಮ್ಮ ತಾತನ ಜೊತೆ ತೂಬಿನ ಕೆಲಸಕ್ಕೆ ಹೋಗ್ತಿದ್ದವರು, ಈಗ ಎಂಬತ್ತು ದಾಟಿದೆ. ನಕ್ಕರು. "ಇದೇನ್ ಹೊಸದಾ? ಕೆರೆ ಜಾಸ್ತಿ ತುಂಬಿದ್ರೆ ನಿಮ್ಮ ತಾತ ಗದ್ದೆ ಕಡೆ ಕಾಲುವೆ ಬಾಯಿಗೆ ಹುಲ್ಲು, ಮಣ್ಣು ತುರುಕಿ ಒಂದು ರಾತ್ರಿ ಬಿಡ್ತಿದ್ದ. ಬೆಳಿಗ್ಗೆ ಎತ್ತಿದ್ರೆ ಹೂವೆತ್ತಿದಂಗೆ ಬರ್ತಿತ್ತು" ಅಂದ್ರು. ಬಾಟಲಿಗೆ ಅಂಗೈ ಇಟ್ಟ ಹಾಗೇ ಅಲ್ವಾ! ಬಿರಡೆ ಸಂದಿಯಿಂದ ಸೋರೋ ನೀರು ಕಾಲುವೆಯಲ್ಲಿ ತುಂಬ್ಕೊಳ್ಳುತ್ತೆ, ಕೆಳಗಿಂದ ನೂಕುತ್ತೆ. ನಮ್ಮ ತಾತನ ಬುದ್ಧಿಗೆ ಕೈ ಮುಗಿದೆ. ನಾಳೆ ಬೆಳಿಗ್ಗೆ ನಾಲ್ಕು ಜನ ಸೇರಿ ಮರಳು ಚೀಲ ಹಾಕಿ ಕಾಲುವೆ ಬಾಯಿ ಕಟ್ಟೋಣ ಅಂತಿದೀವಿ.

ಗೌರಿಬಿದನೂರು ಸಿವಿಲ್

ಅಣ್ಣಾ, ನಿಲ್ಲಿ. ಕಟ್ಟಬೇಡಿ.

ನಾನು ಸಿವಿಲ್ ಇಂಜಿನಿಯರ್, ಕೆರೆ ಏರಿ ದುರಸ್ತಿ ಕೆಲಸಗಳಲ್ಲಿ ಹತ್ತು ವರ್ಷ ಓಡಾಡಿದೀನಿ. ನಿಮ್ಮ ತಾತ ಮಾಡಿದ್ದು ಲೆಕ್ಕದ ಪ್ರಕಾರ ನೂರಕ್ಕೆ ನೂರು ಸರಿ. ದೊಡ್ಡ ಅಣೆಕಟ್ಟುಗಳಲ್ಲೂ ಗೇಟ್ ಎತ್ತೋ ಮುಂಚೆ ಪಕ್ಕದ ಸಣ್ಣ ವಾಲ್ವಿಂದ ಗೇಟಿನ ಆಚೆ ಕಡೆಗೂ ನೀರು ತುಂಬಿಸಿ ಎರಡೂ ಕಡೆ ಒತ್ತಡ ಸಮ ಮಾಡ್ತಾರೆ. ಆದರೆ ನಿಮ್ಮ ತಾತನ ಕಾಲದಲ್ಲಿ ಆ ಕಾಲುವೆ ಪ್ರತಿ ವರ್ಷ ನೀರು ಕಂಡಿತ್ತು, ಗಾರೆ ಕಿತ್ತು ಹೋದ್ರೆ ಮುಂದಿನ ಬೇಸಿಗೇಲಿ ರಿಪೇರಿ ಆಗ್ತಿತ್ತು. ಈಗ ಇಪ್ಪತ್ತು ಮೂವತ್ತು ವರ್ಷ ಒಣಗಿ ಬಿದ್ದಿದೆ. ಒಳಗೆ ಕಲ್ಲಿನ ಸಂದಿ ಎಷ್ಟು ಬಿಟ್ಟಿದೆ, ಜಾಲಿ ಬೇರು ಎಷ್ಟು ನುಗ್ಗಿದೆ ಯಾರು ನೋಡಿದಾರೆ? ನೀವು ಬಾಯಿ ಕಟ್ಟಿದ್ರೆ ಏರಿಯ ಹೊಟ್ಟೆಯೊಳಗೇ ಹನ್ನೆರಡು ಅಡಿ ಒತ್ತಡದ ನೀರು ನಿಲ್ಲಿಸಿದ ಹಾಗೆ. ಅದು ಕಲ್ಲಿನ ಸಂದಿಯಿಂದ ಏರಿ ಮಣ್ಣಿಗೆ ನುಗ್ಗಿ ಮಣ್ಣನ್ನ ಕೊರ್ಕೊಂಡು ಹೊರಗೆ ಬಂದ್ರೆ ಏರಿ ಒಡೆಯುತ್ತೆ. ತೂಬಿನ ಪಕ್ಕದಲ್ಲೇ ಏರಿ ಒಡೆಯೋದು ಹೊಸ ಸಂಗತಿ ಅಲ್ಲ. ಗದ್ದೆಗೆ ನೀರು ಕೇಳಿದ್ರೆ ಇಡೀ ಕೆರೇನೇ ಗದ್ದೆಗೆ ಬಂದೀತು.

ಹುಡುಗರ ವಿಷಯ. ನೀವು ಬೇಡ ಅಂದಿದ್ದು ದೇವರು ಒಳ್ಳೆ ಬುದ್ಧಿ ಕೊಟ್ಟಿದ್ದು. ಇದನ್ನ ಊರಲ್ಲಿ ಎಲ್ಲರಿಗೂ ಹೇಳಿ. ಬಿರಡೆ ಎದ್ದ ಕ್ಷಣ ಆ ತೂತಲ್ಲಿ ನೀರು ಲೆಕ್ಕಕ್ಕೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ನುಗ್ಗುತ್ತೆ. ಕೆಳಗೆ ಗಡಾರಿ ಹಿಡಿದು ನಿಂತವನ ಕಾಲೋ ಹೊಟ್ಟೆಯೋ ತೂತಿಗೆ ಅಡ್ಡ ಬಂದ್ರೆ ಅವನೇ ಬಿರಡೆ. ಮೇಷ್ಟ್ರು ಹೇಳಿದ 150 ಕೆ.ಜಿ. ಅವನ ಮೇಲೆ. ನಾಲ್ಕು ಜನ ಎಳೆದ್ರೆ ಜಾಲಿ ಮರವೇ ಬರಲಿಲ್ಲ, ಮನುಷ್ಯ ಬರ್ತಾನಾ? ಎಂಥ ಈಜುಗಾರನಾದ್ರೂ ಸರಿ, ಮುಚ್ಚಿದ ತೂಬಿನ ಹತ್ರಾನೂ ಮುಳುಗಬಾರದು, ತೆರೆದದ್ದರ ಹತ್ರಾನೂ ಮುಳುಗಬಾರದು.

ಈಗ ನಿಮ್ಮ ಅಳತೆಗೆ ಲೆಕ್ಕ ಹಾಕಿದೆ. ಚಪ್ಪಡಿಯಿಂದ ಮೇಲೆ ಇರೋ ಬಿರಡೆ ಭಾಗ ಸುಮಾರು 13 ಲೀಟರ್. ಅಷ್ಟಕ್ಕೆ ನೀರಿನ ಎತ್ತುಬಲ ಸಿಗುತ್ತೆ, 13 ಕೆ.ಜಿ. ಹಾಗಾಗಿ 150ರಲ್ಲಿ 13 ಕಳೆದು 137. ಬಿರಡೆ ಹದಿನಾಲ್ಕು ಹದಿನೈದು ಕೆ.ಜಿ., ಸರಳು ಹದಿನೇಳು ಹದಿನೆಂಟು. ಒಟ್ಟು 170ರ ಆಸುಪಾಸು. ಇದರ ಮೇಲೆ ಮರ ನೆನೆದು ಉಬ್ಬಿ ತೂತಿಗೆ ಕಚ್ಚಿಕೊಂಡಿರೋದು ಬೇರೆ. ಪಾಚಿ ಮೇಲೆ ನಿಂತು ಒಂದು ಬಳೆಗೆ ನಾಲ್ಕು ಜನ ಕೈ ಹಾಕಿದ್ರೆ ಯಾರ ಬಲವೂ ಪೂರ್ತಿ ಬೀಳಲ್ಲ, ಬರದೇ ಇದ್ದದ್ದು ಆಶ್ಚರ್ಯ ಅಲ್ಲ.

ಮಗಳಿಗೆ ಒಂದು ತಿದ್ದುಪಡಿ ಹೇಳಿ: ಕೆಳಗೆ ನೀರಿದ್ರೂ ಈ ಬಿರಡೆ ತೇಲ್ತಿರಲಿಲ್ಲ. ಮರ ಮಾತ್ರ ತೇಲುತ್ತೆ, ಸರಳು ಸೇರಿದ್ರೆ 32 ಕೆ.ಜಿ., ಎರಡೂ ಸೇರಿ ಸರಿಸೋ ನೀರು 20 ಲೀಟರ್ ಅಷ್ಟೇ. ಹನ್ನೆರಡು ಕೆ.ಜಿ.ಯಷ್ಟು ಮುಳುಗೋ ಕಡೆಗೇ ಇದೆ. ಅದೇ ಒಳ್ಳೇದು, ಇಲ್ಲದಿದ್ರೆ ತೂಬು ಮುಚ್ಚೋಕೆ ಬಿರಡೆ ನೀರೊಳಗೆ ಇಳಿಯೋದೇ ಇಲ್ಲ.

ಮಾಡಬೇಕಾದದ್ದು ಸನ್ನೆ, ಅಂದ್ರೆ ಮೀಟುಗೋಲು. ತೊಲೆ ಮೇಲೆ, ಸರಳಿನಿಂದ ಒಂದು ಅಡಿ ದೂರದಲ್ಲಿ ಒಂದು ಕಲ್ಲೋ ಮರದ ತುಂಡೋ ಇಟ್ಟು, ಅದರ ಮೇಲೆ ಎಂಟು ಅಡಿ ಗಳ. ಗಳದ ಉದ್ದ ಭಾಗ ಏರಿ ಕಡೆಗಿರಲಿ, ಒತ್ತೋರು ಏರಿ ಮೇಲೇ ನಿಲ್ಲಲಿ, ಯಾರೂ ತೊಲೆ ಹತ್ತೋದು ಬೇಡ. 170ಕ್ಕೆ ಏಳನೇ ಒಂದು ಭಾಗ ಅಂದ್ರೆ 25 ಕೆ.ಜಿ., ಒಬ್ಬರ ಕೆಲಸ. ಮೊದಲು ತೊಲೆ ಬಿರುಕು ಬಿಟ್ಟಿದೆಯಾ ನೋಡಿ, ಪೂರ್ತಿ ಭಾರ ಅದರ ಮೇಲೇ ಬೀಳುತ್ತೆ. ಎದ್ದ ತಕ್ಷಣ ಸರಳಿಗೆ ಅಡ್ಡ ಪಿನ್ನು ಹಾಕಿ. ಮುಚ್ಚೋವಾಗ ಇನ್ನೂ ಹುಷಾರು. ಕೊನೇ ಎರಡು ಮೂರು ಇಂಚಲ್ಲಿ ನೀರೇ ಬಿರಡೇನ ಕಿತ್ಕೊಂಡು ಕೂರಿಸುತ್ತೆ, ಬಳೆಯೊಳಗೆ ಬೆರಳು ಇರಬಾರದು. ಹಗ್ಗ ಕಟ್ಟಿ ಇಳಿಸಿ.

ಹಾಗೇ, ಅಚ್ಚುಕಟ್ಟು (ಕೆರೆ ನೀರು ಹರಿಯೋ ಜಮೀನು) 40 ಹೆಕ್ಟೇರಿನ ಒಳಗಿದ್ರೆ ಕೆರೆ ಜಿಲ್ಲಾ ಪಂಚಾಯತಿಗೆ ಸೇರಿದ್ದು, ಹೆಚ್ಚಿದ್ರೆ ಸಣ್ಣ ನೀರಾವರಿ ಇಲಾಖೆಗೆ. ಎತ್ತೋ ಮುಂಚೆ ಒಂದು ಮಾತು ಹೇಳಿ.

ಏರಿಕೆಳಗಿನವನು (ಕೋಲಾರ)

ಮೇಡಂ, ನಿಮ್ಮ ಮೊದಲನೇ ಸಾಲು ಓದಿ ಮರಳು ಚೀಲ ಅಲ್ಲೇ ಬಿಟ್ಟೆ. ಎಂಬತ್ತು ದಾಟಿದ ಆ ತಾತನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಏರಿಗೆ ವರ್ಷಾ ವರ್ಷಾ ಮಣ್ಣು ಹಾಕ್ತಿದ್ವಿ, ಈಗ ಯಾರು ಹಾಕ್ತಾರೆ, ಆಯಮ್ಮ ಹೇಳೋದು ಸರಿ" ಅಂದ್ರು.

ಪಂಚಾಯತಿಯವರಿಗೆ ಹೇಳಿ, ಇವತ್ತು ಬೆಳಿಗ್ಗೆ ಎತ್ತಿದ್ವಿ.

ಮೊದಲು ನೀಲಗಿರಿ ಗಳ ಹಾಕಿದ್ವಿ. ಬಿಲ್ಲಿನ ಹಾಗೆ ಬಾಗ್ತೇ ಹೊರತು ಕೆಲಸ ಆಗಲಿಲ್ಲ. ಆಮೇಲೆ ನಮ್ಮ ಫೇಲಾದ ಬೋರಿನ ಹಳೇ ಎರಡಿಂಚು ಜಿಐ ಪೈಪ್ ನೆನಪಾಯ್ತು. 1,100 ಅಡಿ ಕೊರೆಸಿ ಧೂಳು ಬಂದಿದ್ದ ಬೋರು ಅದು. ಪೈಪ್ ಮನೆ ಹಿಂದೆ ತುಕ್ಕು ಹಿಡೀತಾ ಬಿದ್ದಿತ್ತು. ಆ ಬೋರಿಂದ ಕೊನೆಗೂ ನೀರು ಬಂತು ಅಂತ ಎಲ್ಲ ನಕ್ಕರು.

ಏರಿ ಮೇಲೆ ನಿಂತು ನಾನೊಬ್ಬನೇ ಒತ್ತಿದೆ, ಅಲುಗಲಿಲ್ಲ. ಇಬ್ಬರು ಒತ್ತಿದ್ವಿ. ನೀರೊಳಗಿಂದ 'ಕಟ್' ಅಂತ ಒಂದು ಶಬ್ದ, ಹಲ್ಲು ಕಿತ್ತ ಹಾಗೆ. ಅಷ್ಟೇ, ಪೈಪ್ ಇದ್ದಕ್ಕಿದ್ದಂಗೆ ಹಗುರ ಆಗಿ ನಾವಿಬ್ಬರೂ ಏರಿ ಮೇಲೆ ಕುಕ್ಕರಿಸಿದ್ವಿ. ಪಿನ್ನು ಹಾಕೋ ಹುಡುಗ ಹುಷಾರಿದ್ದ. ಆಮೇಲೆ ಸರಳು ಹಿಡಿದು ನೋಡಿದೆ, ಒಂದೇ ಕೈಯಲ್ಲಿ ಗೇಣುದ್ದ ಎತ್ತೋಕೆ ಆಯ್ತು. ಎರಡು ವಾರದ ಹಿಂದೆ ನಾಲ್ಕು ಜನಕ್ಕೆ ಬಗ್ಗದ ಸರಳು!

ನೀರಿನ ಮೇಲೆ ಏನೂ ಕಾಣಲಿಲ್ಲ, ಒಂದು ಸಣ್ಣ ಸುಳಿ ಅಷ್ಟೇ. ಎಲ್ಲ ಏರಿ ಇಳಿದು ಗದ್ದೆ ಕಡೆಗೆ ಓಡಿದ್ವಿ. ಕಾಲುವೆ ಬಾಯಿಂದ ಮೊದಲು ಒಂದು ತಣ್ಣನೆ ಗಾಳಿ, ಹಳೇ ಮನೆ ಬಾಗಿಲು ತೆಗೆದಾಗ ಬರೋ ವಾಸನೆ. ಆಮೇಲೆ ಕಪ್ಪು ಕೆಸರು, ಎಲೆ, ಒಂದು ಹವಾಯಿ ಚಪ್ಪಲಿ, ಎರಡು ಏಡಿ. ಅದರ ಹಿಂದೆ ನೀರು. ತಾತನ್ನ ಕುರ್ಚಿ ಸಮೇತ ಎತ್ಕೊಂಡು ಬಂದಿದ್ರು. ಅವರು ಬಗ್ಗಿ ಬೊಗಸೇಲಿ ತಗೊಂಡು ತಲೆ ಮೇಲೆ ಹಾಕ್ಕೊಂಡ್ರು.

ಮಗಳು ಸ್ಕೂಲಲ್ಲಿ ಈ ಬಿರಡೆ ಕಥೆ ಹೇಳಿದ್ಳಂತೆ. ಸಿಲಬಸ್‌ನಲ್ಲಿ ಇಲ್ಲದ್ದು ಪರೀಕ್ಷೇಲಿ ಬರೀಬೇಡ ಅಂದ್ರಂತೆ ಅಲ್ಲಿ. ಮೇಷ್ಟ್ರೇ, ನೀವೇ ಇದಕ್ಕೆ ಏನಾದ್ರೂ ಹೇಳಿ.

ಇನ್ನೊಂದು ಪ್ರಶ್ನೆ. ಸಾಯಂಕಾಲ ಹಗ್ಗ ಕಟ್ಟಿ ಮುಚ್ಚಿದ್ವಿ, ಮೇಡಂ ಹೇಳಿದ ಹಾಗೇ ಕೊನೇಲಿ ನೀರೇ ಕಿತ್ಕೊಳ್ತು. ಆದ್ರೆ ಪೂರ್ತಿ ಕೂತಿಲ್ಲ, ಕಾಲುವೇಲಿ ಬೆರಳು ದಪ್ಪ ನೀರು ಬರ್ತಾನೇ ಇದೆ. ಮುಂದಿನ ಸಲ ಎತ್ತಿದಾಗ ಬಿರಡೆಗೆ ಗೋಣಿ ಸುತ್ತಲಾ?

ಬೋರ್ ಮೋಟರ್ (ಚಿಂತಾಮಣಿ)

ಗೋಣಿ ಬೇಡಣ್ಣ, ಒಂದೇ ವರ್ಷಕ್ಕೆ ಕೊಳ್ತೋಗ್ತದೆ. ಟ್ರ್ಯಾಕ್ಟರ್ ಟೈರಿನ ಹಳೇ ಟ್ಯೂಬ್ ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿ, ಮೇಲ್ಗಡೆ ಮೊಳೆ ಹೊಡೀರಿ. ಕೆಳಗಡೆ ಹೊಡೀಬೇಡಿ, ಚಪ್ಪಡಿ ಕಲ್ಲಿಗೆ ಮೊಳೆ ತಾಗ್ತದೆ. ಎಷ್ಟು ಕೆರೆ ತುಂಬ್ತದೋ ಅಷ್ಟು ಗಟ್ಟಿಯಾಗಿ ನೀರೇ ಒತ್ಕೊಳ್ತದೆ ಅಂತ ಮೇಷ್ಟ್ರು ಹೇಳವ್ರಲ್ಲ. ಮತ್ತೆ ಆ ಜಿಐ ಪೈಪ್ ಮಾರೋದಿದ್ರೆ ಹೇಳಿ, ಎಂಟು ಅಡಿ ನೀವು ಇಟ್ಕೊಳ್ಳಿ.